ಚಹಾದ ಎಲೆ, ಬೆಲ್ಲದ ಕೈ

ಅವ್ವ ಮದುವೆಯಾಗಿ ಮಸಗುಪ್ಪಿಗೆ ಬಂದ ಹೊಸದರಲ್ಲಿ ಹಿತ್ತಲಲ್ಲಿ ಒಂದು ಹಿಡಿ ಚಹಾಪುಡಿ ಬಿತ್ತಿದ್ದಳು. ತವರಲ್ಲಿ ನವಣೆ, ಸಜ್ಜೆ ಕಂಡು ಬೆಳೆದವಳು. ಪೊಟ್ಟಣ ಬಿಚ್ಚಿದರೆ ಉರುಟುರುಟಾದ ಕರಿ ಕಾಳು. ಇನ್ನೇನು ಅಂದುಕೊಂಡಾಳು? ಕಾಸು ಕೊಟ್ಟು ತರುವುದೇಕೆ, ನಾವೇ ಬೆಳೆದುಕೊಂಡರಾಯಿತು ಎಂದು ಬದನೆ ಸಸಿಗಳ ಪಕ್ಕ ಒಂದು ಸಾಲು ಹಾಕಿ, ಎಂಟು ದಿನ ಚರಿಗೆಯಲ್ಲಿ ನೀರು ಹೊಯ್ದಳಂತೆ. ಮೊಳಕೆ ಬರಲಿಲ್ಲ. ಅಂಗಡಿಯವನು ಹಳೇ ಬೀಜ ಕೊಟ್ಟಿದ್ದಾನೆಂದು ಅವನನ್ನೇ ಬೈದಳು. ಈ ಕತೆಯನ್ನು ಅಪ್ಪ ಬೀಗರು ಬಂದಾಗಲೆಲ್ಲ ಹೇಳುತ್ತಿದ್ದ. ಅವ್ವ ಒಳಗಿನಿಂದಲೇ "ಸಾಕ ಸುಮ್ನಿರ್ರಿ" ಎಂದು ಬಟ್ಟಲು ಕುಕ್ಕುತ್ತಿದ್ದಳು.

ನಾನೂ ನಕ್ಕವಳೇ. ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನಗದೆ ಇರುತ್ತೇನೆಯೇ? ಆದರೆ ಖರೆ ಹೇಳಬೇಕೆಂದರೆ ದಿನಕ್ಕೆ ನಾಲ್ಕು ಸಲ ಕುಡಿಯುವ ಚಹಾದ ಎಲೆಯನ್ನು ನಾನು ಕಣ್ಣಾರೆ ಕಂಡದ್ದು ನಲವತ್ತು ದಾಟಿದ ಮೇಲೆ. ನಮ್ಮ ಎರೆ ಮಣ್ಣಿನಲ್ಲಿ ಆ ಗಿಡ ಬದುಕುವುದಿಲ್ಲ. ಅದಕ್ಕೆ ಹುಳಿ ಗುಣದ ಮಣ್ಣು ಬೇಕು, ಮಳೆ ಬೇಕು, ಬಿದ್ದ ಮಳೆ ನಿಲ್ಲದೆ ಹರಿದುಹೋಗುವ ಇಳಿಜಾರೂ ಬೇಕು. ಗೋಕಾಕದಿಂದ ಸಂಕೇಶ್ವರದವರೆಗೆ ಯಾವ ಬಾಗಿಲಿಗೆ ಹೋದರೂ ಮೊದಲು ಚಹಾ ಕೊಡುತ್ತಾರೆ, ಬೇಡವೆಂದರೆ ಮುನಿಸಿಕೊಳ್ಳುತ್ತಾರೆ, ಆದರೆ ಅದರ ಗಿಡ ಹೇಗಿರುತ್ತದೆಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಬಲ್ಲವಳಂತೆ ಪಾಠ ಮಾಡುವ ನನಗೂ ಗೊತ್ತಿರಲಿಲ್ಲ.

ಅಪ್ಪನದು ಬೆಲ್ಲದ ಗಾಣದ ಕೆಲಸ. ಕಬ್ಬಿನ ಹಾಲು ದೊಡ್ಡ ಕಡಾಯಿಯಲ್ಲಿ ಕುದಿಯುವಾಗ ಪಕ್ಕದಲ್ಲಿ ನಿಂತು ಹದ ನೋಡುವವನು ಅವನು. ಸುಣ್ಣ ಎಷ್ಟು, ಬೆಂಡೆ ದಂಟಿನ ಲೋಳೆ ಯಾವಾಗ, ಹೊಲಸು ನೊರೆ ತೆಗೆಯುವುದು ಯಾವಾಗ, ಎಲ್ಲಾ ಅವನ ಬಾಯಿಂದಲೇ ಬರಬೇಕು. ಕಡೆಗೆ ಕಡಾಯಿ ಇಳಿಸುವ ಗಳಿಗೆ. ಸ್ವಲ್ಪ ಮೊದಲಾದರೆ ಬೆಲ್ಲ ಕಟ್ಟುವುದಿಲ್ಲ, ಸ್ವಲ್ಪ ತಡವಾದರೆ ಕರ್ರಗಾಗಿ ಕಹಿ ಬರುತ್ತದೆ. ಉಳಿದವರು ಒಂದು ವಾಟಿಯಲ್ಲಿ ತಣ್ಣೀರು ಇಟ್ಟುಕೊಂಡು, ಪಾಕದ ಹನಿ ಅದರಲ್ಲಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಅಪ್ಪ ವಾಟಿ ಮುಟ್ಟಿದವನೇ ಅಲ್ಲ. "ಅದು ಕಲಿಯೋರ ಆಟ" ಅನ್ನುತ್ತಿದ್ದ. ಅವನು ಕಣ್ಣು ಮುಚ್ಚಿ ಹಬೆಯೊಳಗೆ ಮುಖ ಒಡ್ಡಿ, ಮೂಗಿನಿಂದ ಒಮ್ಮೆ ಎಳೆದುಕೊಂಡು "ಇಳಸ್ರಿ" ಅಂದರೆ ಆಯಿತು. ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಗಾಣಗಳವರು ಸುಗ್ಗಿಗೆ ಮೊದಲೇ ಬಂದು ಅವನನ್ನು ಕೇಳಿಕೊಂಡು ಹೋಗುತ್ತಿದ್ದರು. ಅವನ ಆ ಜಂಬ ನನಗೆ ಬಲು ಇಷ್ಟವಾಗಿತ್ತು.

ಸಣ್ಣವಳಿದ್ದಾಗ ಅಪ್ಪ ಗಾಣದಿಂದ ಬಂದು ಗೂಟಕ್ಕೆ ಅಂಗಿ ಹಾಕಿದ ಕೂಡಲೇ ನಾನು ಅದರಲ್ಲಿ ಮುಖ ಹುದುಗಿಸುತ್ತಿದ್ದೆ. ಕಬ್ಬಿನ ಸಿಪ್ಪೆ ಉರಿಸಿದ ಹೊಗೆ, ಬೆವರು, ಬಿಸಿ ಬೆಲ್ಲ, ಮೂರೂ ಕೂಡಿದ ವಾಸನೆ. ಒಗೆಯಲು ಬಿಡುವುದಿಲ್ಲವೆಂದು ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಪೇಟೆಯ ಬೆಲ್ಲದಲ್ಲಿ ಆ ವಾಸನೆಯನ್ನು ಎಷ್ಟೋ ಸಲ ಹುಡುಕಿ ಸೋತಿದ್ದೇನೆ.

ಕೊರೊನಾ ಬಂದಾಗ ಅಪ್ಪ ಹದಿನೈದು ದಿನ ಮಲಗಿ ಎದ್ದ. ಎಲ್ಲಾ ಸರಿಹೋಯಿತು, ಮೂಗೊಂದು ಹೋಯಿತು. ಮೊದಮೊದಲು ಬರುತ್ತದೆ ಬಿಡು ಅಂದುಕೊಂಡೆವು. ಡಾಕ್ಟರು ಹೇಳಿದಂತೆ ಬೆಳಿಗ್ಗೆ ಸಂಜೆ ಲವಂಗ, ನಿಂಬೆ ಸಿಪ್ಪೆ ಮೂಸಿದ. ಒಂದು ತಿಂಗಳ ಮೇಲೆ ಲವಂಗವನ್ನು ಅವ್ವನ ಮಸಾಲೆ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡ. ಆ ಸುಗ್ಗಿಗೆ ಯಾರಿಗೂ ಹೇಳದೆ ಗಾಣಕ್ಕೆ ಹೋದ. ಕಣ್ಣಳತೆಯಲ್ಲಿ ನಾಲ್ಕು ಕಡಾಯಿ ಇಳಿಸಿದ. ಐದನೆಯದು ತಳ ಹತ್ತಿತು. ಒಲೆಗೆ ಸಿಪ್ಪೆ ಹಾಕುವವನಿಂದ ಹಿಡಿದು ಗಾಣದ ಮಾಲೀಕನವರೆಗೆ ಎಲ್ಲರ ಮೂಗಿಗೂ ಬಡಿಯಿತು, ಕಡಾಯಿಯ ಮೇಲೆ ಬಗ್ಗಿ ನಿಂತವನಿಗೆ ಮಾತ್ರ ಇಲ್ಲ. "ಕಾಕಾ, ಹೊತ್ತಿದ ವಾಸನಿ ಬರಾಕತ್ತೈತ್ರಿ" ಎಂದು ಯಾರೋ ಮೆಲ್ಲಗೆ ಅಂದರಂತೆ. ಅಪ್ಪ ಪಾಕ ತಿರುವುವ ಹುಟ್ಟನ್ನು ಗೋಡೆಗೆ ಆನಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದ. ಮತ್ತೆ ಹೋಗಲಿಲ್ಲ.

ಗಾಣದ ಮಾಲೀಕ ಒಳ್ಳೆಯ ಮನುಷ್ಯ. ಪ್ರತಿ ವರ್ಷವೂ "ಸುಮ್ನ ಬಂದು ಕುಂದರ್ರಿ" ಎಂದು ಹೇಳಿ ಕಳಿಸುತ್ತಿದ್ದ. ವಾಟಿ ಇಟ್ಟುಕೊಂಡು ಹದ ನೋಡಬಾರದೇ ಎಂದು ನಾನು ಒಮ್ಮೆ ಕೇಳಿಬಿಟ್ಟೆ. ಅಪ್ಪ ನನ್ನ ಮುಖ ನೋಡಿದ ರೀತಿಗೆ ಮತ್ತೆಂದೂ ಆ ಮಾತು ಎತ್ತಲಿಲ್ಲ. ಊಟದಲ್ಲೂ ಅವನಿಗೆ ರುಚಿ ಉಳಿದಿರಲಿಲ್ಲ. ಚಹಾ ಕೊಟ್ಟರೆ "ಬಿಸಿ ನೀರು, ಸಕ್ಕರಿ" ಎಂದು ಬಶಿ ಸರಿಸುತ್ತಿದ್ದ. ಅವ್ವ ಚಹಾಪುಡಿ ಬಿತ್ತಿದ ಕತೆಯನ್ನೂ ಹೇಳುವುದು ಬಿಟ್ಟ. ನನಗೆ ಎಲ್ಲಕ್ಕಿಂತ ಹೆದರಿಕೆ ತಂದದ್ದು ಅದೇ.

ಕಳೆದ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ ನೀಲಗಿರಿಗೆ ಹೋಯಿತು. ಕಡೆಯ ದಿನ ಬೆಳಿಗ್ಗೆ ಮಕ್ಕಳನ್ನು ಚಹಾ ಕಾರ್ಖಾನೆಗೆ ಕರೆದೊಯ್ದೆವು. ಕಿತ್ತ ಎಲೆಯನ್ನು ಗಾಳಿಗೆ ಬಾಡಿಸಿ, ಯಂತ್ರದಲ್ಲಿ ಜಜ್ಜಿ ಹರಿದು, ಆ ಹಸಿರು ಮುದ್ದೆಯನ್ನು ಹರವಿ ಇಡುತ್ತಾರೆ. ಬೆಂಕಿಯಿಲ್ಲ, ಬಣ್ಣ ಹಾಕುವುದಿಲ್ಲ. ಅದು ತನ್ನಷ್ಟಕ್ಕೆ ತಾನೇ ಹಸಿರಿನಿಂದ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅದೇ ರಾಸಾಯನಿಕ ಕ್ರಿಯೆ. ಎಲೆಯ ರಸಕ್ಕೆ ಗಾಳಿ ಸೋಕಿದ ಫಲ. ಅದನ್ನು ನಾನು ಹತ್ತಾರು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಕಣ್ಣೆದುರು ಅಷ್ಟು ದೊಡ್ಡ ರಾಶಿ ಬಣ್ಣ ಬದಲಿಸುವುದನ್ನು ಕಂಡಾಗ ಮಕ್ಕಳಿಗೆ ವಿವರಿಸುವುದನ್ನೇ ಮರೆತು ನಿಂತೆ. ಅಲ್ಲಿ ಒಬ್ಬ ಮುದುಕ ಒಂದು ಹಿಡಿ ತೆಗೆದು ಕಣ್ಣು ಮುಚ್ಚಿ ಮೂಗಿಗೆ ಹಿಡಿದ. ಇನ್ನೂ ಇಲ್ಲವೆಂದು ತಲೆ ಅಲ್ಲಾಡಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿದ. ಈ ಸಲ ಕೈ ಎತ್ತಿದ. ರಾಶಿಯೆಲ್ಲ ಬಿಸಿಗಾಳಿಯ ಒಲೆಗೆ ಹೋಯಿತು.

ನನ್ನ ಕಣ್ಣಲ್ಲಿ ನೀರು ಬಂತು. ಮಕ್ಕಳು ಚಹಾದ ಧೂಳಿಗೆ ಅಂದುಕೊಂಡವು.

ಕಾರ್ಖಾನೆಯ ತುಂಬ ಇದ್ದ ಆ ವಾಸನೆಯನ್ನು ಹೇಗೆ ಹೇಳಲಿ? ಹಸಿ ಹುಲ್ಲು, ಮಾಗಿದ ಹಣ್ಣು, ಒದ್ದೆ ಕಟ್ಟಿಗೆ. ಇದು ಅಪ್ಪನ ಮೂಗನ್ನು ಎಬ್ಬಿಸದಿದ್ದರೆ ಬೇರೆ ಯಾವುದೂ ಎಬ್ಬಿಸದು ಎಂದು ನನ್ನ ತಲೆಗೆ ಹೊಕ್ಕಿತು. ವಿಜ್ಞಾನದ ಟೀಚರು ಹೀಗೆ ಯೋಚಿಸಬಾರದು, ಗೊತ್ತು. ಆಸೆಗೆ ವಿಜ್ಞಾನ ಎಲ್ಲಿಂದ ಬರಬೇಕು? ಹೊರಗೆ ರಸ್ತೆ ಬದಿಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ತುಂಡು ತೋಟದ ಎಲೆ ಕಿತ್ತು ಚೀಲ ತುಂಬುತ್ತಿದ್ದಳು. ಎರಡು ಎಲೆ ಮತ್ತು ನಡುವಿನ ಕುಡಿ, ಅಷ್ಟನ್ನೇ ಚಿವುಟುವುದು. ಭಾಷೆ ಬರದಿದ್ದರೂ ಇಬ್ಬರು ಹೆಂಗಸರು ಅಡುಗೆ ಮಾತಾಡಿಕೊಳ್ಳಲು ಅಡ್ಡಿಯೇನು? ಮನೆಯಲ್ಲಿ ಮಾಡುವುದು ಹೇಗೆಂದು ಕೇಳಿದೆ. ಬಾಡಿಸು, ನಾದು, ಒದ್ದೆ ಬಟ್ಟೆ ಮುಚ್ಚಿ ಕಾಯಿ, ಆಮೇಲೆ ಹುರಿ ಎಂದು ಕೈಯಲ್ಲೇ ತೋರಿಸಿದಳು. ನನ್ನ ಹಳೇ ಸೀರೆಯೊಂದನ್ನು ಹಾಸಿದೆ. ಅವಳು ಅರ್ಧ ಚೀಲ ಎಲೆ ಸುರಿದಳು.

ಬಸ್ಸಿನ ಹಿಂದಿನ ಉದ್ದ ಸೀಟು ಪೂರ್ತಿ ನನ್ನ ಎಲೆಗೇ ಆಯಿತು. ಗಂಟು ಕಟ್ಟಿದರೆ ಬಿಸಿಯಾಗಿ ಕೆಡುತ್ತದೆ, ಅದಕ್ಕೆ ಹರವಿ ಇಟ್ಟು ಕಿಟಕಿ ತೆರೆದೆ. ಗಾಳಿಗೆ ಹಾರಿದ ಎಲೆಗಳು ಹೆಡ್‌ಮಾಸ್ಟರ ತಲೆಯ ಮೇಲೂ ಕೂತವು. ಅವರು ಕೊಡವಿಕೊಂಡು ಕೂತರು, ನನ್ನ ಬಾಯಿಗೆ ಅವರಿಗೂ ಅಂಜಿಕೆ. ಮೈಸೂರು, ಹುಬ್ಬಳ್ಳಿ, ಬೆಳಗಾವಿ ದಾಟಿ ಮರುದಿನ ಬೆಳಿಗ್ಗೆ ಹುಕ್ಕೇರಿ ಮುಟ್ಟುವಷ್ಟರಲ್ಲಿ ಎಲೆ ಮೆತ್ತಗಾಗಿ, ಮಡಚಿದರೂ ಮುರಿಯದಷ್ಟು ಬಾಡಿತ್ತು. ಕಾರ್ಖಾನೆಯಲ್ಲಿ ಬಾಡಿಸಲು ಹಿಡಿಯುವ ಹೊತ್ತೂ ಸುಮಾರು ಅಷ್ಟೇ. ಸಡಿಲವಾಗಿ ಗಂಟು ಹಾಕಿ, ಮಸಗುಪ್ಪಿಗೆ ಹೋಗಲು ಗೋಕಾಕ ಬಸ್ಸು ಹತ್ತಿದೆ. "ಅಕ್ಕೋರ, ಮೇವ ಎಲ್ಲಿಗಿ ಒಯ್ಯಾಕತ್ತೀರಿ?" ಎಂದ ಕಂಡಕ್ಟರ್. ನಮ್ಮ ಅಪ್ಪಗ ಅಂದೆ. ಅವನು ಗಂಟನ್ನೊಮ್ಮೆ ನೋಡಿ ಟಿಕೆಟು ಹರಿದ.

ಗಂಟು ಬಿಚ್ಚಿದಾಗ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ಇದು ಚಾ?" ಅಂದಳು. ಒಂದು ಕುಡಿ ಎತ್ತಿ, ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡಿದಳು. "ಎಲಿನಾ ಇದು? ನಾ ಕಾಳು ಬಿತ್ತಿದ್ನಲ್ಲಬೇ!"

ನಾವಿಬ್ಬರೂ ಅಪ್ಪನ ಕಡೆ ನೋಡಿದೆವು. ಹಳೆಯ ಅಪ್ಪನಾಗಿದ್ದರೆ ಇಂಥ ಸಂದರ್ಭ ಬಿಡುತ್ತಿದ್ದನೇ? ಅವನು ಕಟ್ಟೆಯ ಮೇಲೆ ಕೂತು ಎಲೆಯನ್ನು ಬೆರಳಲ್ಲಿ ಹೊಸಕುತ್ತಿದ್ದ, ಅಷ್ಟೇ.

ಅವ್ವ ರೊಟ್ಟಿ ಹಿಟ್ಟು ನಾದುವ ಪರಾತ ತಂದಳು. ಇಬ್ಬರೂ ಎದುರುಬದುರು ಕೂತು ನಾದಿದೆವು. ರಟ್ಟೆ ಬಿದ್ದುಹೋಗುವವರೆಗೆ ನಾದಿದೆವು. ಎಲೆ ಸುರುಳಿಯಾಗಿ, ರಸ ಬಿಟ್ಟು, ಅಂಗೈ ಹಸಿರಾಗಿ, ಆಮೇಲೆ ಕಂದಾಯಿತು. ಮನೆಯೆಲ್ಲ ಘಮ್ಮೆಂದಿತು. ದನ ಹೊಡೆದುಕೊಂಡು ಹೋಗುವವರೂ ನಿಂತು ಏನದು ಎಂದು ಕೇಳಿದರು. ನಾನು ಪರಾತವನ್ನು ಅಪ್ಪನ ಮುಖದ ಹತ್ತಿರ ಒಯ್ದೆ. ಅವನು ಕಣ್ಣು ಮುಚ್ಚಿದ. ಹಿಂದೆ ಕಡಾಯಿಯ ಮುಂದೆ ನಿಂತಾಗ ಎಳೆದುಕೊಳ್ಳುತ್ತಿದ್ದಂತೆಯೇ ಉಸಿರೆಳೆದುಕೊಂಡ. ಇನ್ನೊಮ್ಮೆ ಎಳೆದ.

"ಗಾಳಿ ಅಷ್ಟ ಐತಿ ಯವ್ವಾ" ಅಂದ.

ಹಿತ್ತಲಿಗೆ ಹೋಗಿ ಕೈ ತೊಳೆಯುವ ನೆವದಲ್ಲಿ ಅತ್ತೆ. ಬಂದವಳೇ ಸಿಟ್ಟಿನಲ್ಲಿ ಎಲ್ಲಾ ಬೇಗ ಮುಗಿಸಬೇಕೆಂದು, ಅರ್ಧ ಎಲೆಯನ್ನು ಗಡಿಯಾರ ನೋಡಿ ಒಂದೇ ತಾಸಿಗೆ ತೆಗೆದು ರೊಟ್ಟಿಯ ಹಂಚಿನ ಮೇಲೆ ಹುರಿದುಬಿಟ್ಟೆ. ಅವ್ವ ಅದನ್ನು ನಮ್ಮ ಪದ್ಧತಿಯಂತೆ ಬೆಲ್ಲ ಹಾಕಿ, ಕುದಿಸಿ ಕುದಿಸಿ, ಮೇಲೆ ಹಾಲು ಹೊಯ್ದು ಕೊಟ್ಟಳು. ಹಾಲು ಒಡೆದಿತ್ತು. ಬೇವಿನ ಕಷಾಯವೇ ವಾಸಿ. "ಇದಕ್ಕ ಇಷ್ಟ ದೂರ ಹೋಗಿದ್ಯಾ?" ಎಂದಳು ಅವ್ವ. ಇಬ್ಬರಿಗೂ ನಗು ಬಂತು, ಬಶಿಯಲ್ಲಿದ್ದದ್ದು ಬಚ್ಚಲಿಗೆ ಹೋಯಿತು.

ಉಳಿದರ್ಧ ಒದ್ದೆ ಬಟ್ಟೆಯ ಕೆಳಗೆ ಅಪ್ಪನ ಪಕ್ಕದಲ್ಲೇ ಇತ್ತು. ಅವ್ವ ಕೇಳಿದಳು, ಎಲೆಯನ್ನು ಹೀಗೆ ಜಜ್ಜಿ ಕೊಳೆಹಾಕಿ ಕುಡಿಯಬೇಕೆಂದು ಮೊದಲು ಯಾರಿಗೆ ಹೊಳೆಯಿತು? ಚೀನಾದ ರಾಜನೊಬ್ಬ ಗಿಡದ ಕೆಳಗೆ ನೀರು ಕಾಯಿಸುವಾಗ ಎಲೆ ಹಾರಿ ಬಿತ್ತಂತೆ ಎಂದು ಅಲ್ಲಿಯವರು ಹೇಳುವ ಕತೆ ಹೇಳಿದೆ. "ರಾಜಾ ತಾನ ನೀರ ಕಾಸ್ತಿದ್ದನೇನ? ಮನ್ಯಾಗ ಹೆಂಗಸರು ಇರಲಿಲ್ಲೇನ?" ಎಂದಳು. ನಾನು ಮಾತು ತಿರುಗಿಸಿದೆ. ನಮ್ಮ ದೇಶದ ಮೂಡಣ ಗುಡ್ಡಗಳಲ್ಲೂ ಅದು ಕಾಡುಗಿಡ, ಚಹಾ ತೋಟಗಳು ಬರುವ ಮುಂಚೆಯೇ ಅಲ್ಲಿಯ ಕಾಡಿನ ಜನ ಅದನ್ನು ಬಳಸುತ್ತಿದ್ದರು ಅಂದೆ. ಎಳೆ ಎಲೆಯನ್ನು ಕೂಡಲೇ ಹುರಿದರೆ ಹಸಿರು ಚಹಾ, ಹಾಗೇ ಬಿಟ್ಟು ಕೆಂಪಾದ ಮೇಲೆ ಹುರಿದರೆ ನಾವು ಕುಡಿಯುವ ಚಹಾ, ಗಿಡ ಒಂದೇ ಅಂದೆ.

ಅಪ್ಪ ಆಗ ಬಾಯಿ ಬಿಟ್ಟ. "ಕಬ್ಬಿನ ಹಾಲೂ ಹಂಗ. ಮೊದಲ ಇಳಸಿದ್ರ ಹರ್ಯೋ ಕಾಕಂಬಿ, ಆಮ್ಯಾಲ ಇಳಸಿದ್ರ ಬೆಲ್ಲ. ಎಲ್ಲಿ ನಿಲ್ಲಸ್ತಿ, ಅದ ಆಟ." ಪರಾತದ ಕಡೆ ತಿರುಗಿ ಅಂದ, "ಇದನ್ನ ಯಾರೂ ಹುಡುಕಿಲ್ಲ. ಯಾವಾಕಿನೋ ಎಲಿ ಜಜ್ಜಿಟ್ಟು ಹುರ್ಯಾಕ ಮರತಿರಬೇಕು."

ನಾನು ದಂಗಾದೆ. ಎಷ್ಟೋ ಶತಮಾನಗಳ ಹಿಂದೆ, ಯಾವುದೋ ಗುಡ್ಡದ ಮನೆಯಲ್ಲಿ, ಮಗು ಅತ್ತಿತೆಂದೋ ದನ ತಪ್ಪಿಸಿಕೊಂಡಿತೆಂದೋ ಒಬ್ಬಾಕೆ ಎದ್ದುಹೋಗಿ ಮರೆತದ್ದು ಇವತ್ತು ನಮ್ಮ ಮಸಗುಪ್ಪಿಯ ಒಲೆಯ ಮೇಲೆ ಕುದಿಯುತ್ತದೆ. ಹೆಸರಿಲ್ಲದ ಆ ಹೆಣ್ಣುಮಗಳಿಗೆ ಕೈ ಮುಗಿಯಬೇಕೆನಿಸಿತು.

ಮಾತಿನ ನಡುವೆ ಅಪ್ಪನ ಕೈ ಬಟ್ಟೆಯ ಮೇಲಿದ್ದದ್ದನ್ನು ನಾನು ಗಮನಿಸಿರಲಿಲ್ಲ. "ಇದು ಕಾಯಾಕತ್ತೈತಿ" ಅಂದ.

ಬೆಂಕಿಯಿಲ್ಲ, ಬಿಸಿಲಿಲ್ಲ, ಹೇಗೆ ಕಾಯುತ್ತದೆ ಅಂದೆ. ನಾನೂ ಕೈಯಿಟ್ಟೆ. ನನಗೆ ಒದ್ದೆ ಬಟ್ಟೆಯ ತಂಪು ಬಿಟ್ಟು ಏನೂ ತಿಳಿಯಲಿಲ್ಲ. ಅಪ್ಪ ಬಟ್ಟೆ ಸರಿಸಿ ಕೈ ಮಗುಚಿದ. ಅಂಗೈ ಪಾಕದ ಹನಿ ಸಿಡಿದು ಸಿಡಿದು ದಡ್ಡುಗಟ್ಟಿತ್ತು, ಅದಕ್ಕೇ ಕೈಯ ಬೆನ್ನನ್ನು ಎಲೆಯೊಳಗೆ ಇಳಿಸಿದ. ಮಗುವಿನ ಹಣೆ ಮುಟ್ಟಿ ನೋಡುವಂತೆ ಕಣ್ಣು ಮುಚ್ಚಿ ಕೂತ. "ಏರಾಕತ್ತೈತಿ" ಅಂದ. ಎಷ್ಟು ಹೊತ್ತು ಕೂತನೋ. ಅವ್ವ ಎಮ್ಮೆಗೆ ನೀರು ಕುಡಿಸಿ ಬಂದಳು. ನಾನು ಎರಡು ಸಲ ಗಡಿಯಾರ ನೋಡಿ, ತಡವಾಯಿತು ಅಂದೆ. "ಸುಮ್ನಿರು" ಅಂದ. ಮತ್ತೂ ಸ್ವಲ್ಪ ಹೊತ್ತಿಗೆ ಅವನ ಮುಖ ಬದಲಾಯಿತು.

"ಏರೂದು ನಿಂತೈತಿ. ಇಳ್ಯಾಕ ಹತ್ತೂದ್ರೊಳಗ ಹಂಚಿಗಿ ಹಾಕ್ರಿ!"

ಗಾಣದ ದನಿ ಅದು. ಮೂರು ವರ್ಷದಿಂದ ಮನೆಯಲ್ಲಿ ಕೇಳಿರದ ದನಿ. ಅವ್ವ ಸೆರಗು ಸಿಕ್ಕಿಸಿಕೊಂಡು ಓಡಿದಳು. ಬಟ್ಟೆ ತೆಗೆದರೆ ಎಲೆಯೆಲ್ಲ ಬೆಳಗಿದ ತಾಮ್ರದ ಕೊಡದ ಬಣ್ಣ, ಹಸಿ ಹುಲ್ಲಿನ ವಾಸನೆ ಹೋಗಿ ಮಾಗಿದ ಹಣ್ಣಿನ ವಾಸನೆ. ನಾನು ಕಾರ್ಖಾನೆಯಲ್ಲಿ ಕಂಡದ್ದು ಇದೇ. ಶೇಂಗಾ ಹುರಿದಂತೆ ಸಣ್ಣ ಉರಿಯಲ್ಲಿ ಹುರಿದೆವು. ಈ ಸಲ ನಾನು ಅವ್ವನಿಗೆ ಕುದಿಸಲು ಬಿಡಲಿಲ್ಲ. ಕಾದ ನೀರಿಗೆ ಎಲೆ ಹಾಕಿ, ಮುಚ್ಚಿಟ್ಟು, ಹಾಲು ಬೆಲ್ಲ ಯಾವುದೂ ಇಲ್ಲದೆ ಬಶಿಗೆ ಸೋಸಿದೆ. ಹೊಸ ಜೇನಿನ ಬಣ್ಣವಿತ್ತು.

ಅಪ್ಪ ಸೊರ್ರೆಂದು ಎಳೆದ. ಬಾಯಲ್ಲೇ ಇಟ್ಟುಕೊಂಡ. ನುಂಗಿದ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ನೋಡಿಕೊಂಡ.

"ಒಗರ ಐತಿ" ಅಂದ. ಮತ್ತೆ ಕುಡಿದು, "ನಾಲಿಗಿ ಹಿಡ್ಯಾಕತ್ತೈತಿ, ಏನೋ ಐತಿ ಇದರಾಗ" ಅಂದ. ಬಶಿ ಖಾಲಿ ಮಾಡಿ ಇನ್ನೊಂದು ಕೇಳಿದ. ಆಮೇಲೆ ಅವ್ವನ ಕಡೆ ತಿರುಗಿ, "ಈ ಸಲ ಹುಟ್ಟಿತ ನೋಡ ನಿನ್ನ ಬೀಜ" ಅಂದ. ಅವ್ವ ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಹುಕ್ಕೇರಿಗೆ ಬಂದ ಮೇಲೆ ಪುಸ್ತಕ ತೆಗೆದು ನೋಡಿದೆ. ಖರೆ. ಎಲೆಯ ರಸ ಗಾಳಿಯೊಂದಿಗೆ ಕೂಡುವಾಗ ಶಾಖ ಹುಟ್ಟುತ್ತದೆ, ಏರುತ್ತದೆ, ಒಂದು ತುದಿ ಮುಟ್ಟಿ ಇಳಿಯುತ್ತದೆ. ಆ ತುದಿಯ ಆಸುಪಾಸಿನಲ್ಲೇ ಹುರಿಯಬೇಕು. ನಾಲ್ಕು ಅಕ್ಷರ ಕಲಿತ ನನಗೆ ತಿಳಿಯದ್ದು, ಜೀವನದಲ್ಲಿ ಚಹಾದ ಎಲೆ ಕಾಣದ ಕೈಗೆ ಒಂದೇ ಮಧ್ಯಾಹ್ನದಲ್ಲಿ ತಿಳಿದಿತ್ತು.

ಮುಂದಿನ ಆದಿತ್ಯವಾರ ಅಪ್ಪನ ಫೋನು. "ಬರ್ತಿಯೇನ? ಗಾಣಕ್ಕ ಹೊಂಟೇನಿ" ಎಂದ. ಮೊದಲ ಬಸ್ಸಿಗೆ ಓಡಿದೆ.

ನಾವು ಹೋದಾಗ ಕಡಾಯಿ ಕೊತಕೊತ ಕುದಿಯುತ್ತಿತ್ತು. ಆಳುಗಳು ಅಪ್ಪನನ್ನು ಕಂಡು ದಾರಿ ಬಿಟ್ಟರು. ಮಾಲೀಕ ಏನೂ ಕೇಳದೆ ಹುಟ್ಟನ್ನು ಕೈಗೆ ಕೊಟ್ಟ. ಅಪ್ಪ ಅಭ್ಯಾಸಬಲದಿಂದ ಹಬೆಗೆ ಮುಖ ಒಡ್ಡಿದ, ಹಿಂದೆ ಸರಿದ. ಎಲ್ಲರೂ ನೋಡುತ್ತಿದ್ದರು.

"ಒಂದು ವಾಟಿ ತಣ್ಣೀರ ತರ್ರಿ" ಅಂದ ಅಪ್ಪ.

ಅಷ್ಟು ವರ್ಷ ಕಲಿಯುವವರ ಆಟ ಎಂದವನು, ಅಷ್ಟೂ ಜನರ ಮುಂದೆ, ದೊಡ್ಡ ದನಿಯಲ್ಲೇ ಕೇಳಿದ. ವಾಟಿ ಬಂತು. ಪಾಕ ಹನಿಸಿ, ಬೆರಳಿನಲ್ಲಿ ತಿಕ್ಕಿ, ಇಲ್ಲವೆಂದು ತಲೆಯಾಡಿಸಿದ. ಎರಡನೇ ಸಲವೂ ಇಲ್ಲ. ಮೂರನೇ ಸಲ ಉಂಡೆ ಕಟ್ಟಿತು. ಅವನು ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಚಹಾದ ಎಲೆಯೊಳಗೆ ಕೈಯಿಟ್ಟಾಗ ಮಾಡಿದ್ದ ಅದೇ ಮುಖ ಮಾಡಿದ.

"ಇಳಸ್ರಿ!"

ನಾಲ್ಕು ಜನ ಕೂಡಿ ಕಡಾಯಿ ಎಳೆದು ಪಾಕವನ್ನು ಸುರಿದರು. ಹೊಂಬಣ್ಣದ ಬೆಲ್ಲ ಹರವಿಕೊಂಡು ನಮ್ಮ ಕಣ್ಣೆದುರೇ ಕಟ್ಟತೊಡಗಿತು. ಯಾರೋ "ಭಾರಿ ಆತ್ರಿ ಕಾಕಾ" ಅಂದರು. ಅಪ್ಪ ಅವರ ಕಡೆ ನೋಡಲಿಲ್ಲ. ಇನ್ನೂ ಬಿಸಿಯಿದ್ದ ಒಂದು ತುಣುಕು ಕಿತ್ತು ನನ್ನ ಕೈಯಲ್ಲಿಟ್ಟ.

"ವಾಸನಿ ನೋಡು. ಹೆಂಗ ಐತಿ ಹೇಳು."

ನಾನು ಮೂಗಿಗೆ ಹಿಡಿದೆ. ಅವನು ನನ್ನ ಬಾಯನ್ನೇ ನೋಡುತ್ತ ನಿಂತಿದ್ದ.

"ನಿನ್ನ ಅಂಗಿ ವಾಸನಿ ಐತಿ, ಅಪ್ಪಾ" ಅಂದೆ.